ಮದ್ದು ಹಾಕುವವರಿಗೆ ಸುತ್ತೋಲೆ ಇಲ್ಲ

ಕಳೆದ ಡಿಸೆಂಬರಿನಲ್ಲಿ ನಮ್ಮ ಆಫೀಸಿನ ವರ್ಷಾಂತ್ಯದ ಪಾರ್ಟಿಗೆ ಮೂರು ದಿನ ಮುಂಚೆ ಒಂದು ಮೇಲ್ ಹೋಯಿತು. 'ಪಾರ್ಟಿಯಲ್ಲಿ ಸುರಕ್ಷಿತವಾಗಿರಿ' ಅಂತ ತಲೆಬರಹ. ನಿಮ್ಮ ಗ್ಲಾಸನ್ನು ಒಂದು ಕ್ಷಣವೂ ಬಿಟ್ಟು ಹೋಗಬೇಡಿ, ಬೇರೆಯವರು ತಂದುಕೊಟ್ಟದ್ದನ್ನು ಕುಡಿಯಬೇಡಿ, ಬಾಟಲಿಯ ಮುಚ್ಚಳ ನಿಮ್ಮೆದುರೇ ತೆರೆಸಿ, ಒಬ್ಬರೇ ವಾಷ್‌ರೂಮಿಗೆ ಹೋಗಬೇಡಿ, ಹನ್ನೊಂದರೊಳಗೆ ಹೊರಡಿ. ಹೀಗೆ ಹತ್ತು ಸೂಚನೆಗಳು. ನನಗೆ ಆ ಮೇಲ್ ಬಂದಿರಲಿಲ್ಲ. ನನ್ನ ಟೀಮಿನಲ್ಲಿರುವ ದಾವಣಗೆರೆಯ ಹುಡುಗಿ "ಸರ್, ನಿಮಗೂ ಬಂತಾ ಇದು?" ಅಂತ ಕೇಳಿ ಕಳಿಸಿಕೊಟ್ಟಳು. ಯಾರ್‍ಯಾರಿಗೆ ಹೋಗಿದೆ ಅಂತ ನೋಡಿದರೆ ಬರೀ ಹೆಣ್ಣುಮಕ್ಕಳ ಹೆಸರು. 140 ಜನರ ಪಾರ್ಟಿಯಲ್ಲಿ 38 ಜನಕ್ಕೆ ಬುದ್ಧಿಮಾತು. ಯಾರದೋ ಗ್ಲಾಸಿಗೆ ಏನನ್ನೋ ಬೆರೆಸುವ ಯೋಚನೆಯಿದ್ದ ಒಬ್ಬ ಮನುಷ್ಯ ಉಳಿದ 102 ಜನರಲ್ಲಿ ಇದ್ದಿದ್ದರೆ, ಅವನಿಗೆ ಯಾರೂ ಏನೂ ಹೇಳಿರಲಿಲ್ಲ.

ಆ ಹತ್ತು ಸೂಚನೆಗಳಲ್ಲಿ ಒಂದೂ ತಪ್ಪಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ "ಹಾಗಾದರೆ ಹೆಣ್ಣುಮಕ್ಕಳು ಹುಷಾರಾಗಿರಬಾರದಾ?" ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಹುಷಾರಾಗಿರಲಿ. ನನ್ನ ತಕರಾರು ಅದಲ್ಲ. ನನ್ನ ಕೆಲಸ ಪ್ರಾಜೆಕ್ಟ್ ನಡೆಸುವುದು. ನಮ್ಮಲ್ಲಿ ಅಪಾಯಗಳ ಪಟ್ಟಿ ಅಂತ ಒಂದು ಇರುತ್ತದೆ, ಪ್ರತಿ ಸಾಲಿನ ಮುಂದೆ ಒಬ್ಬರ ಹೆಸರು. ಸರ್ವರ್ ಕೆಟ್ಟರೆ ಯಾರು ಹೊಣೆ, ಕ್ಲೈಂಟ್ ಕೈಕೊಟ್ಟರೆ ಯಾರು ಹೊಣೆ. ಆ ಹೆಸರು ಬರೆಯುವಾಗ ಒಂದೇ ನಿಯಮ: ಅದನ್ನು ಬದಲಾಯಿಸುವ ಶಕ್ತಿ ಯಾರ ಕೈಯಲ್ಲಿದೆಯೋ ಅವರ ಹೆಸರು. ಸರ್ವರ್ ಬಿದ್ದರೆ ಅದನ್ನು ಬಳಸುತ್ತಿದ್ದ ಗ್ರಾಹಕನ ಹೆಸರು ಬರೆದರೆ ನನ್ನನ್ನು ಮೀಟಿಂಗಿನಿಂದಲೇ ಓಡಿಸುತ್ತಾರೆ. ಪಾರ್ಟಿಯ ಜಾಗ ಆರಿಸಿದ್ದು ಕಂಪನಿ, ಬಾರ್ ಇಟ್ಟದ್ದು ಫಾರ್ಮ್‌ಹೌಸಿನವರು, ಸುರಿದದ್ದು ಅವರ ಹುಡುಗರು, ಕ್ಯಾಬ್ ಕರೆಸಿದ್ದು ಅಡ್ಮಿನ್. ಇಷ್ಟು ಜನರ ನಡುವೆ ಹೊಣೆ ಬಿದ್ದದ್ದು ಗ್ಲಾಸು ಹಿಡಿದುಕೊಂಡವಳ ಮೇಲೆ.

ಈ ಊರಿಗೆ ಬಂದ ಮೇಲೆ ನಾನು ಕಲಿತ ಹಿಂದಿ ಪದಗಳಲ್ಲಿ 'ಜಹರ್‌ಖುರಾನಿ' ಒಂದು. ಊರಿನಲ್ಲಿದ್ದಾಗ ಇದನ್ನು ಕೇಳಿಯೇ ಇರಲಿಲ್ಲ. ರೈಲಿನಲ್ಲಿ, ಬಸ್ಸಿನಲ್ಲಿ ಪಕ್ಕ ಕೂತು, ಊರು ಕೇರಿ ವಿಚಾರಿಸಿ, ಮಕ್ಕಳ ಫೋಟೋ ತೋರಿಸಿ, ಆಮೇಲೆ ಬಿಸ್ಕತ್ತಿನಲ್ಲೋ ಚಹಾದಲ್ಲೋ ಮದ್ದು ಬೆರೆಸಿಕೊಟ್ಟು ದೋಚಿಕೊಂಡು ಹೋಗುವ ದಂಧೆಗೆ ಉತ್ತರ ಭಾರತದ ಪೊಲೀಸರ ಬಾಯಲ್ಲಿರುವ ಹೆಸರು ಇದು. ಸ್ಟೇಷನ್ನಿನ ಧ್ವನಿವರ್ಧಕದಲ್ಲಿ "ಅಪರಿಚಿತರು ಕೊಟ್ಟದ್ದನ್ನು ತಿನ್ನಬೇಡಿ" ಅಂತ ಕೂಗುತ್ತಲೇ ಇರುತ್ತಾರೆ. ಬಿಹಾರದ ಕಡೆಯ ಕೂಲಿ ಕೆಲಸಗಾರರು ವರ್ಷವಿಡೀ ದುಡಿದ ದುಡ್ಡು ಸೊಂಟಕ್ಕೆ ಕಟ್ಟಿಕೊಂಡು ಛಠ್ ಹಬ್ಬಕ್ಕೆ ಊರಿಗೆ ಹೊರಡುವ ದಿನಗಳಲ್ಲಿ ಇದು ಇನ್ನೂ ಜೋರು. ಸಿಕ್ಕಿಬಿದ್ದವರ ಹತ್ತಿರ ಬಹಳ ಸಲ ಸಿಗುವ ಮಾತ್ರೆ ಅಟಿವಾನ್, ಅಂದರೆ ಲೋರಾಜೆಪಾಂ, ನಿದ್ದೆಗೂ ಆತಂಕಕ್ಕೂ ಡಾಕ್ಟರು ಬರೆದುಕೊಡುವ ಮಾಮೂಲಿ ಔಷಧ.

ಈಗ ಒಂದು ಲೆಕ್ಕ ಮಾಡಿ ನೋಡಿ. ಮಗನ ಮನೆಗೆಂದು ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದ ಅರವತ್ತು ದಾಟಿದ ಮಾವನವರಿಗೆ ಯಾರೋ ಚಹಾದಲ್ಲಿ ಮದ್ದು ಹಾಕಿ ಸೂಟ್‌ಕೇಸು ಎಗರಿಸಿದರು ಅಂದುಕೊಳ್ಳಿ. ನಮ್ಮ ಕನ್ನಡ ವಾಟ್ಸಾಪ್ ಗುಂಪಿನಲ್ಲಿ ಏನು ಬರುತ್ತದೆ? "ಅಯ್ಯೋ ಪಾಪ, ಯಾವ ಆಸ್ಪತ್ರೆ? ಬ್ಲಡ್ ಬೇಕಾ? ರೈಲ್ವೆ ಪೊಲೀಸಿನಲ್ಲಿ ನನಗೆ ಗೊತ್ತಿರೋರು ಇದ್ದಾರೆ." ಆ ಮಾವನವರು ಅಪರಿಚಿತರ ಚಹಾ ಯಾಕೆ ಕುಡಿದರು ಅಂತ ಯಾರೂ ಕೇಳುವುದಿಲ್ಲ. ಅಷ್ಟು ದೂರ ಒಬ್ಬರೇ ಯಾಕೆ ಹೊರಟರು ಅಂತಲೂ ಇಲ್ಲ. ಅದೇ ಇಪ್ಪತ್ನಾಲ್ಕರ ಹುಡುಗಿಗೆ ಬಾರಿನಲ್ಲಿ ಆದರೆ ಮೊದಲ ಪ್ರಶ್ನೆ, "ಅಲ್ಲಿಗೆ ಯಾಕೆ ಹೋಗಿದ್ದಳು?" ಎರಡನೆಯದು, "ಎಷ್ಟು ಕುಡಿದಿದ್ದಳು?" ಮೂರನೆಯದನ್ನು ಯಾರೂ ಬರೆಯುವುದಿಲ್ಲ, ಎಲ್ಲರೂ ಮನಸ್ಸಿನಲ್ಲೇ ಕೇಳಿಕೊಳ್ಳುತ್ತಾರೆ.

ಮದ್ದು ಒಂದೇ ಇರಬಹುದು, ಕಾನೂನಿನ ಕಲಂ ಕೂಡ ಒಂದೇ. 1860ರ ದಂಡ ಸಂಹಿತೆಯಲ್ಲಿ ಅದು 328 ಆಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 123. ನೋವುಂಟುಮಾಡುವ ಅಥವಾ ಅಪರಾಧವೊಂದಕ್ಕೆ ದಾರಿ ಮಾಡಿಕೊಳ್ಳುವ ಉದ್ದೇಶದಿಂದ ವಿಷವನ್ನಾಗಲಿ, ಮಂಪರು ಬರಿಸುವ, ಅಮಲೇರಿಸುವ ಮದ್ದನ್ನಾಗಲಿ ಕೊಟ್ಟರೆ ಹತ್ತು ವರ್ಷದವರೆಗೆ ಸೆರೆ ಮತ್ತು ದಂಡ. ಆ ಕಲಮಿನಲ್ಲಿ ರೈಲು, ಬಾರು ಅಂತ ಭೇದವಿಲ್ಲ. ತೆಗೆದುಕೊಂಡವರ ವಯಸ್ಸು, ಉಡುಪು, ಹೊತ್ತು ಇವು ಯಾವುದರ ಪ್ರಸ್ತಾಪವೂ ಇಲ್ಲ. ಭೇದ ಇರುವುದು ನಮ್ಮಲ್ಲಿ.

ಇದು ಪಶ್ಚಿಮದಿಂದ ಬಂದ ಪಬ್ ಸಂಸ್ಕೃತಿಯ ರೋಗ ಅನ್ನುವ ಹಿರಿಯರು ನಮ್ಮಲ್ಲಿ ಬಹಳ. ಅವರು ತಮ್ಮ ಅಜ್ಜಿಯ ಮಾತು ನೆನಪಿಸಿಕೊಳ್ಳಲಿ. ಮಲೆನಾಡಿನಲ್ಲಿ, ಹಳೇ ಮೈಸೂರಿನ ಕಡೆ 'ಕೈಮದ್ದು', 'ಮದ್ದಿಕ್ಕುವುದು' ಅನ್ನುವ ಮಾತು ಯಾರಿಗೆ ಗೊತ್ತಿಲ್ಲ? ಯಾರೋ ಊಟದಲ್ಲಿ ಮದ್ದು ಹಾಕಿದ್ದಾರೆ, ಅದು ಹೊಟ್ಟೆಯಲ್ಲಿ ಕೂತಿದೆ ಅಂತ ತೆಗೆಸಲು ಹೋಗುವವರು ಇವತ್ತಿಗೂ ಇದ್ದಾರೆ. ಅದು ನಂಬಿಕೆ, ಆ ನಂಬಿಕೆಯಿಂದ ಎಷ್ಟೋ ಬಡ ಹೆಂಗಸರು 'ಮದ್ದಿಕ್ಕುವವಳು' ಅನ್ನುವ ಹಣೆಪಟ್ಟಿ ಹೊತ್ತು ನರಳಿದ್ದಾರೆ, ಅದನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಒಂದು ವಿಷಯ ಗಮನಿಸಿ. ಆ ಹಳ್ಳಿಯ ಲೆಕ್ಕದಲ್ಲಿ ಬೆರಳು ತೋರಿಸುತ್ತಿದ್ದದ್ದು ಬಡಿಸಿದ ಕೈಯ ಕಡೆಗೆ. ಉಂಡವನು ಯಾಕೆ ಉಂಡ ಅಂತ ಯಾರೂ ಕೇಳುತ್ತಿರಲಿಲ್ಲ. ದತ್ತೂರಿ ಬೀಜದ ಕಥೆ ಇನ್ನೂ ಹಳೆಯದು. ದಾರಿಹೋಕರಿಗೆ ಅದನ್ನು ತಿನ್ನಿಸಿ ಮತಿಗೆಡಿಸಿ ದೋಚುವುದು ಈ ದೇಶದ ರಸ್ತೆಗಳಲ್ಲಿ ಎಷ್ಟು ಮಾಮೂಲಾಗಿತ್ತೆಂದರೆ ನ್ಯಾಯವೈದ್ಯಶಾಸ್ತ್ರದ ಪುಸ್ತಕಗಳಲ್ಲಿ ದತ್ತೂರಿಗೆ 'ದಾರಿಯ ವಿಷ' ಅನ್ನುವ ಅರ್ಥದ ಅಡ್ಡಹೆಸರೇ ಇದೆ. ಆಗ ಪಬ್ಬೂ ಇರಲಿಲ್ಲ, ಡಿಜೆಯೂ ಇರಲಿಲ್ಲ.

ಇನ್ನು 'ಅಪರಿಚಿತರು' ಅನ್ನುವ ಪದಕ್ಕೆ ಬರೋಣ. ಸುತ್ತೋಲೆಯಲ್ಲೂ ಅದೇ, ರೈಲಿನ ಘೋಷಣೆಯಲ್ಲೂ ಅದೇ. ಕರ್ನಾಟಕದಲ್ಲಿ ನಮ್ಮ ಕಾಲದಲ್ಲಿ ನಡೆದ ಎರಡು ಪ್ರಕರಣಗಳನ್ನು ನೋಡಿ. ಬಾರಿಗೂ ಅವಕ್ಕೂ ಸಂಬಂಧವೇ ಇಲ್ಲ, ಆದ್ದರಿಂದಲೇ ಹೇಳುತ್ತಿದ್ದೇನೆ.

ಮೊದಲನೆಯದು ಬೆಂಗಳೂರಿನ ಹತ್ತಿರದ ಕಗ್ಗಲೀಪುರದ ಕೆಂಪಮ್ಮನದು, ಪತ್ರಿಕೆಗಳ 'ಸಯನೈಡ್ ಮಲ್ಲಿಕಾ'. 1999ರಿಂದ 2007ರ ನಡುವೆ ಆಕೆ ಹುಡುಕಿಕೊಂಡು ಹೋದದ್ದು ದೇವಸ್ಥಾನಗಳನ್ನು. ಮನೆಯಲ್ಲಿ ಕಷ್ಟವಿದ್ದ ಹೆಂಗಸರನ್ನು ಮಾತಾಡಿಸಿ, ವಿಶೇಷ ಪೂಜೆ ಮಾಡಿಸುತ್ತೇನೆ, ಒಡವೆ ಹಾಕಿಕೊಂಡು ಬನ್ನಿ ಅಂತ ಕರೆದು, ತೀರ್ಥವೆಂದೋ ಪ್ರಸಾದವೆಂದೋ ಸಯನೈಡ್ ಕೊಟ್ಟಳು. ಅಂಗೈ ಚಾಚಿ ತೀರ್ಥ ತೆಗೆದುಕೊಳ್ಳುವುದಕ್ಕಿಂತ ನಿರ್ಮಲವಾದ ಕುಡಿತ ನಮ್ಮ ಸಂಸ್ಕೃತಿಯಲ್ಲಿ ಇನ್ನೊಂದಿದೆಯೇ? ಆ ಹೆಂಗಸರಿಗೆ ಯಾವ ಸುತ್ತೋಲೆ ಕಳಿಸಬೇಕಿತ್ತು? ತೀರ್ಥದ ಬಟ್ಟಲಿನ ಮುಚ್ಚಳ ನಿಮ್ಮೆದುರೇ ತೆರೆಸಿ ಅಂತಲೇ?

ಎರಡನೆಯದು ದಕ್ಷಿಣ ಕನ್ನಡದ ಮೋಹನ್ ಕುಮಾರನದು. ಪ್ರಾಥಮಿಕ ಶಾಲೆಯ ಮೇಷ್ಟ್ರು. 2003ರಿಂದ 2009ರವರೆಗೆ 20 ಯುವತಿಯರು. ಹೆಚ್ಚಿನವರು ಬಡ ಮನೆಗಳವರು, ಮದುವೆಯ ಖರ್ಚಿಗೆ ಹೆದರಿದ್ದ ಮನೆಗಳವರು. ವರದಕ್ಷಿಣೆ ಬೇಡ ಅನ್ನುವ ಗಂಡು ಸಿಕ್ಕ ಅಂತ ನಂಬಿದವರು. ಬೇರೆ ಊರಿಗೆ ಕರೆದೊಯ್ದು, ಲಾಡ್ಜಿನಲ್ಲಿ ಉಳಿದು, ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಕರೆತಂದು, ಗರ್ಭ ನಿಲ್ಲದಿರಲು ಅಂತ ಹೇಳಿ ಮಾತ್ರೆ ಕೊಡುತ್ತಿದ್ದ, ಶೌಚಾಲಯಕ್ಕೆ ಹೋಗಿ ತೆಗೆದುಕೋ ಅನ್ನುತ್ತಿದ್ದ. ಸಯನೈಡ್. ಮೈಸೂರು, ಮಡಿಕೇರಿ, ಹಾಸನ, ಬೆಂಗಳೂರು, ಹೀಗೆ ಒಂದೊಂದು ಊರಿನ ಬಸ್ ಸ್ಟ್ಯಾಂಡಿನ ಶೌಚಾಲಯದಲ್ಲಿ ಒಂದೊಂದು ಹೆಣ. ಒಂದೊಂದು ಠಾಣೆಯಲ್ಲಿ ಒಂದೊಂದು ಅಸ್ವಾಭಾವಿಕ ಮರಣದ ಕಡತ. ಒಳಗಿನಿಂದ ಚಿಲಕ ಹಾಕಿದೆ, ಮೈಮೇಲೆ ಗಾಯವಿಲ್ಲ, ಆತ್ಮಹತ್ಯೆ ಇರಬೇಕು. ಕಡತ ಮುಚ್ಚು. ಆರು ವರ್ಷ ಹಾಗೇ ನಡೆಯಿತು. 2009ರಲ್ಲಿ ಬಂಟ್ವಾಳ ತಾಲೂಕಿನ ಯುವತಿಯೊಬ್ಬಳು ಕಾಣೆಯಾದಾಗ ಪೊಲೀಸರು ಮೊಬೈಲ್ ಕರೆಗಳ ಜಾಡು ಹಿಡಿದರು, ಆಗ ಎಲ್ಲ ಬಿಚ್ಚಿಕೊಂಡಿತು. ಕೊನೆಯ, ಅಂದರೆ 20ನೇ ಪ್ರಕರಣದ ತೀರ್ಪು ಬಂದದ್ದು 2020ರಲ್ಲಿ.

ಈ ಪ್ರಕರಣವನ್ನು ನಮ್ಮ ಮನೆಗಳಲ್ಲಿ ಹೇಳುವುದು ಹೇಗೆ? "ನೋಡಿದ್ರಾ, ಗೊತ್ತಿಲ್ಲದವನನ್ನು ನಂಬಿ ಹೋದರೆ ಹೀಗೇ ಆಗೋದು." ನಾನು ಇದರಲ್ಲಿ ಓದುವ ಪಾಠ ಬೇರೆ. ಮೊದಲ ಮೂರು ಠಾಣೆಗಳು ತಮ್ಮ ಕಡತಗಳನ್ನು ಒಂದೇ ಮೇಜಿನ ಮೇಲಿಟ್ಟು ನೋಡಿದ್ದರೆ, ಹೊಟ್ಟೆಯಲ್ಲಿ ಸಿಕ್ಕ ವಿಷ ಯಾವುದು, ಒಡವೆ ಎಲ್ಲಿ ಹೋಯಿತು ಅಂತ ಕೇಳಿದ್ದರೆ, ಉಳಿದ ಹದಿನೇಳು ಹುಡುಗಿಯರಲ್ಲಿ ಎಷ್ಟು ಜನ ಇವತ್ತು ಮಕ್ಕಳನ್ನು ಶಾಲೆಗೆ ಕಳಿಸುತ್ತಿರುತ್ತಿದ್ದರೋ. ಸತ್ತವಳ ನಡತೆಯ ಮೇಲೆ ಒಂದು ಊಹೆ ಸಿದ್ಧವಾಗಿತ್ತು. ಊಹೆ ಸಿದ್ಧವಿದ್ದಾಗ ತನಿಖೆ ಬೇಕಾಗುವುದಿಲ್ಲ.

ನಾನಿರುವ ಹರಿಯಾಣದಲ್ಲೂ ಒಂದು ಉದಾಹರಣೆ ಇದೆ. ಹಿಸಾರ್ ಜಿಲ್ಲೆಯ ರಾಜಕಾರಣಿ, ನಟಿ ಸೋನಾಲಿ ಫೋಗಟ್ 2022ರ ಆಗಸ್ಟ್‌ನಲ್ಲಿ ಗೋವಾದಲ್ಲಿ ತೀರಿಕೊಂಡಾಗ ಮೊದಲು ಬಂದ ಸುದ್ದಿ ಹೃದಯಾಘಾತ ಅಂತ. ಮನೆಯವರು ಪಟ್ಟು ಹಿಡಿದ ಮೇಲೆ, ಅಂಜುನಾದ ರೆಸ್ಟೋರೆಂಟೊಂದರಲ್ಲಿ ಕುಡಿಯುವುದರಲ್ಲಿ ಮಾದಕವಸ್ತು ಬೆರೆಸಿ ಕೊಟ್ಟಿದ್ದರು ಅಂತ ಪೊಲೀಸರು ಹೇಳಿದರು. ಬಂಧಿಸಿದ್ದು ಜೊತೆಯಲ್ಲೇ ಹೋಗಿದ್ದ ಇಬ್ಬರನ್ನು. ಪ್ರಕರಣ ಸಿಬಿಐಗೆ ಹೋಯಿತು. ಅಪರಾಧ ಯಾರದು ಅನ್ನುವುದು ನ್ಯಾಯಾಲಯ ಹೇಳಬೇಕಾದ ಮಾತು, ನನ್ನದಲ್ಲ. ಆದರೆ ಆರೋಪದಲ್ಲೂ ಅಪರಿಚಿತರಿಲ್ಲ ಅನ್ನುವುದನ್ನು ನೋಡಿ.

ಫ್ರಾನ್ಸಿನ ಜಿಸೆಲ್ ಪೆಲಿಕೊ ಪ್ರಕರಣವನ್ನು ನೀವೆಲ್ಲ ಓದಿರುತ್ತೀರಿ. ಮಜಾನ್ ಅನ್ನುವ ಸಣ್ಣ ಊರಿನಲ್ಲಿ ಗಂಡನೇ 2011ರಿಂದ 2020ರವರೆಗೆ ಆಕೆಯ ಊಟ, ಪಾನೀಯಗಳಲ್ಲಿ ಮದ್ದು ಬೆರೆಸಿ, ಪ್ರಜ್ಞೆ ತಪ್ಪಿಸಿ, ತಾನು ಅತ್ಯಾಚಾರ ಮಾಡಿದ್ದಲ್ಲದೆ ಹತ್ತಾರು ಗಂಡಸರನ್ನು ಮನೆಗೆ ಕರೆಸಿದ. ಅವನು ಬಳಸಿದ ಮದ್ದುಗಳಲ್ಲಿ ಒಂದು ಲೋರಾಜೆಪಾಂ, ನಮ್ಮ ರೈಲಿನ ಚಹಾದ ಅದೇ ಮದ್ದು. ಆಕೆ ಮರೆವು ಹೆಚ್ಚಾಯಿತು ಅಂತ ಡಾಕ್ಟರುಗಳ ಹತ್ತಿರ ಅಲೆದಳು. ಎಲ್ಲ ಹೊರಬಿದ್ದದ್ದು ಆಕೆ ಗ್ಲಾಸು ಕಾದದ್ದರಿಂದಲ್ಲ. ಸೂಪರ್ ಮಾರ್ಕೆಟ್ ಒಂದರಲ್ಲಿ ಹೆಂಗಸರ ಸ್ಕರ್ಟಿನ ಕೆಳಗೆ ಕ್ಯಾಮೆರಾ ಹಿಡಿಯುತ್ತಿದ್ದ ಆ ಗಂಡನನ್ನು ಅಲ್ಲಿನ ಕಾವಲುಗಾರ ಹಿಡಿದ, ಪೊಲೀಸರು ಅದನ್ನು ಚಿಲ್ಲರೆ ಪ್ರಕರಣವೆಂದು ಬಿಡದೆ ಕಂಪ್ಯೂಟರು ತೆಗೆದು ನೋಡಿದರು. 2024ರ ಡಿಸೆಂಬರ್ 19ರಂದು ಅವನೂ ಸೇರಿ 51 ಜನ ತಪ್ಪಿತಸ್ಥರೆಂದು ತೀರ್ಪಾಯಿತು, ಅವನಿಗೆ 20 ವರ್ಷ. ಬಾಗಿಲು ಮುಚ್ಚಿದ ವಿಚಾರಣೆ ಬೇಡ, ನಾಚಿಕೆಪಡಬೇಕಾದವರು ಅವರು ಅಂತ ಪಟ್ಟು ಹಿಡಿದದ್ದು ಆಕೆಯೇ. ನಮ್ಮ ದೇಶದಲ್ಲಾಗಿದ್ದರೆ? ಮದ್ದು ಕೊಟ್ಟ ಕಲಂ ಇದೆ, ಹೊರಗಿನವರ ಮೇಲೆ ಅತ್ಯಾಚಾರದ ಕಲಂ ಇದೆ. ಹದಿನೆಂಟು ದಾಟಿದ ಹೆಂಡತಿಯ ವಿಷಯದಲ್ಲಿ ಗಂಡನಿಗೆ ಮಾತ್ರ ಹೊಸ ಸಂಹಿತೆಯ 63ನೇ ಕಲಮಿನಲ್ಲೂ ಹಳೆಯ ವಿನಾಯಿತಿ ಹಾಗೇ ಉಳಿದಿದೆ.

ಇಷ್ಟೆಲ್ಲ ಹೇಳಿದ ಮೇಲೆ ಬಾರಿಗೆ ಬರುತ್ತೇನೆ. ಸಿನಿಮಾಗಳಲ್ಲಿ ತೋರಿಸುವ ಹಾಗೆ ಯಾರೋ ಜೇಬಿನಿಂದ ಬಿಳಿ ಪುಡಿ ತೆಗೆಯುವುದು ಒಂದು ಬಗೆ. ಅದಕ್ಕಿಂತ ಸುಲಭವಾಗಿ ಸಿಗುವ, ಯಾರೂ ಅನುಮಾನಿಸದ ಮದ್ದು ಅದೇ ಕೌಂಟರಿನಲ್ಲಿದೆ, ಅದರ ಹೆಸರು ಆಲ್ಕೋಹಾಲ್. ಕಿತ್ತಳೆ ರಸದಲ್ಲಿ ವೋಡ್ಕಾ ಸೇರಿಸಿ 'ಬರೀ ಜ್ಯೂಸ್' ಅಂತ ಕೊಡುವುದು. 30 ಎಂಎಲ್ ಕೇಳಿದರೆ 90 ಸುರಿಯುವುದು. ನಮ್ಮ ಕಡೆ ಇದಕ್ಕೆ 'ಪಟಿಯಾಲಾ ಪೆಗ್' ಅಂತ ಹೆಸರು ಬೇರೆ ಇದೆ, ಅದನ್ನು ಕೊಡುವವನು ದೊಡ್ಡ ಮನಸ್ಸಿನವನು. "ಅಣ್ಣನ ಮೇಲೆ ಆಣೆ, ಇದೊಂದು" ಅಂತ ಬಾಯಿಗೆ ಹಿಡಿಯುವುದನ್ನು ಪ್ರೀತಿ ಅನ್ನುತ್ತಾರೆ. ನಮ್ಮ ಹುಡುಗಿಯರು ಕುಡಿಯುವುದೇ ಇಲ್ಲ, ಈ ವಿಷಯ ನಮಗೆ ಸಂಬಂಧಿಸಿದ್ದಲ್ಲ ಅನ್ನುವ ತಂದೆತಾಯಿಗಳಿಗೆ ಹೇಳುವುದು ಇಷ್ಟೇ: ಮದ್ಯದ ರುಚಿಯೇ ಗೊತ್ತಿಲ್ಲದವಳಿಗೆ ಜ್ಯೂಸಿನಲ್ಲಿ ಬೆರೆಸಿಕೊಟ್ಟರೆ ಅವಳಿಗೆ ಗೊತ್ತಾಗುವುದು ಕೊನೆಗೆ. ಗೊತ್ತಿಲ್ಲದಂತೆ ಅಮಲೇರಿಸಿ ಪಡೆದ ಒಪ್ಪಿಗೆ ಕಾನೂನಿನ ಕಣ್ಣಿನಲ್ಲಿ ಒಪ್ಪಿಗೆಯಲ್ಲ. ತಾನಾಗಿ ಕುಡಿದಿದ್ದರೂ, ತಾನು ಏನಕ್ಕೆ ಒಪ್ಪುತ್ತಿದ್ದೇನೆ ಅಂತ ತಿಳಿಯುವ ಸ್ಥಿತಿಯಲ್ಲಿ ಅವಳಿಲ್ಲದಿದ್ದರೆ ಅದೂ ಒಪ್ಪಿಗೆಯಲ್ಲ.

ಗಂಡುಹುಡುಗರೂ ಇದಕ್ಕೆ ಹೊರತಲ್ಲ. ಗುರುಗ್ರಾಮದಲ್ಲಿ ಡೇಟಿಂಗ್ ಆ್ಯಪಿನಲ್ಲಿ ಪರಿಚಯವಾದವರು ಮದ್ದು ಹಾಕಿ ಫೋನು, ಚಿನ್ನ, ಬ್ಯಾಂಕಿನ ದುಡ್ಡು ಎಲ್ಲ ಬಳಿದುಕೊಂಡು ಹೋದ ದೂರುಗಳು ಬಂದಿವೆ. ದೂರು ಕೊಡದವರು ಎಷ್ಟು ಜನವೋ. "ಗಂಡಸಾಗಿ ಹೀಗಾಯ್ತಾ?" ಅನ್ನುವ ನಗುವಿಗೆ ಹೆದರಿ ಸುಮ್ಮನಾದ ಹುಡುಗರು ನಮ್ಮ ಪಿಜಿಗಳಲ್ಲೂ ಇರುತ್ತಾರೆ.

ಸಾಧನಗಳಿಂದ ಇದಕ್ಕೆ ಪರಿಹಾರ ಅನ್ನುವುದನ್ನು ನಮ್ಮ ವೃತ್ತಿಯವರು ಬೇಗ ನಂಬುತ್ತಾರೆ. 2014ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದ ನಾಲ್ವರು ವಿದ್ಯಾರ್ಥಿಗಳು ಮದ್ದು ತಾಗಿದರೆ ಬಣ್ಣ ಬದಲಾಯಿಸುವ ಉಗುರುಬಣ್ಣ ಮಾಡುತ್ತೇವೆ ಅಂದಾಗ ಜಗತ್ತೆಲ್ಲ ಚಪ್ಪಾಳೆ. ಆಗಲೂ ಕೆಲವು ಹೆಂಗಸರು ಕೇಳಿದ ಪ್ರಶ್ನೆ ಸರಿಯಾಗಿತ್ತು: ಪ್ರತಿ ಗುಟುಕಿಗೂ ಬೆರಳದ್ದಿ ಪರೀಕ್ಷೆ ಮಾಡಿಕೊಳ್ಳುವುದನ್ನೇ ನೀವು ಸ್ವಾತಂತ್ರ್ಯ ಅನ್ನುತ್ತೀರಾ? ಪರೀಕ್ಷಾ ಪಟ್ಟಿಗಳು ಹಿಡಿಯುವುದು ಒಂದೆರಡು ಮದ್ದುಗಳನ್ನು. ಒಂದು ಪೆಗ್ ಅಂತ ಸುರಿದ ಮೂರು ಪೆಗ್ಗನ್ನು ಯಾವ ಪಟ್ಟಿಯೂ ಹಿಡಿಯುವುದಿಲ್ಲ.

ಹೊಣೆಯನ್ನು ಸರಿಯಾದ ಕಡೆಗೆ ಸರಿಸುವುದು ಅಸಾಧ್ಯವೇನಲ್ಲ. ಇಂಗ್ಲೆಂಡಿನ ಲಿಂಕನ್‌ಶೈರಿನಲ್ಲಿ 2016ರಲ್ಲಿ ಶುರುವಾದ ಒಂದು ಪದ್ಧತಿಯಲ್ಲಿ, ಬಾರಿಗೆ ಬಂದವರಿಗೆ ಭಯವೆನಿಸಿದರೆ ಕೌಂಟರಿಗೆ ಹೋಗಿ 'ಏಂಜೆಲಾ ಇದ್ದಾರಾ?' ಅಂತ ಕೇಳಿದರೆ ಸಾಕು. ಏನು ಮಾಡಬೇಕೆಂದು ಸಿಬ್ಬಂದಿಗೆ ತರಬೇತಿ ಇರುತ್ತದೆ. ಕೆಲಸ ಸಿಬ್ಬಂದಿಯದು, ಗಮನಿಸಿ. ನಮ್ಮಲ್ಲಿ ಕಂಪನಿಗಳ ವಿಷಯದಲ್ಲಿ ಕಾನೂನು ಇನ್ನೂ ಸ್ಪಷ್ಟ. 2013ರ ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆ ಕಾಯ್ದೆ ಪ್ರಕಾರ ಕೆಲಸದ ಸ್ಥಳ ಅಂದರೆ ಬರೀ ಆಫೀಸಿನ ಕಟ್ಟಡವಲ್ಲ. ಕೆಲಸದ ಕಾರಣದಿಂದ ಹೋದ ಜಾಗ, ಕಂಪನಿ ಕೊಟ್ಟ ವಾಹನ ಎಲ್ಲವೂ ಸೇರುತ್ತದೆ. ಸೂರಜ್‌ಕುಂಡ್ ರಸ್ತೆಯ ಫಾರ್ಮ್‌ಹೌಸಿನಲ್ಲಿ ಕಂಪನಿ ಪಾರ್ಟಿ ಇಟ್ಟರೆ ಆ ರಾತ್ರಿಗೆ ಅದೇ ಆಫೀಸು. ಸುರಕ್ಷತೆ ಒದಗಿಸುವುದು ಮಾಲೀಕರ ಕರ್ತವ್ಯ ಅಂತ 19ನೇ ಕಲಂ ಹೇಳುತ್ತದೆ. ಆಂತರಿಕ ಸಮಿತಿಗೆ ದೂರು ಕೊಡಲು ಮೂರು ತಿಂಗಳು ಸಮಯ, ಕಾರಣವಿದ್ದರೆ ಇನ್ನೂ ಮೂರು. ಹೆಣ್ಣುಮಕ್ಕಳಿಗೆ ಹತ್ತು ಸೂಚನೆ ಕಳಿಸಿದರೆ ಈ ಕರ್ತವ್ಯ ಮುಗಿಯುವುದಿಲ್ಲ. ಕೌಂಟರಿನಲ್ಲಿ ಅಳತೆ ಪಾತ್ರೆಯಿಂದಲೇ ಸುರಿಯಬೇಕು, ಟ್ರೇಯಲ್ಲಿ ತುಂಬಿಟ್ಟ ಗ್ಲಾಸು ಸುತ್ತಾಡಿಸಬಾರದು, ಮದ್ಯವಿಲ್ಲದ ಪಾನೀಯಕ್ಕೆ ಬೇರೆ ಕೌಂಟರು ಬೇಕು, ಕುಡಿಯದೆ ಇರುವ ಇಬ್ಬರ ಹೆಸರು ಮತ್ತು ಫೋನ್ ನಂಬರು ಎಲ್ಲರಿಗೂ ಗೊತ್ತಿರಬೇಕು, ಮದ್ದು ಬೆರೆಸಿದವರನ್ನು ಕೆಲಸದಿಂದ ತೆಗೆಯುವುದಷ್ಟೇ ಅಲ್ಲ, ಪೊಲೀಸರಿಗೆ ಒಪ್ಪಿಸುತ್ತೇವೆ ಅಂತ 140 ಜನಕ್ಕೂ ಬರೆದು ತಿಳಿಸಬೇಕು. ಇದಕ್ಕೆ ತಗಲುವ ಖರ್ಚು ಡಿಜೆಗೆ ಕೊಡುವ ದುಡ್ಡಿನ ಮುಂದೆ ಏನೂ ಅಲ್ಲ.

ಔಷಧದ ಅಂಗಡಿಯ ಮಾತನ್ನು ಯಾರೂ ಎತ್ತುವುದೇ ಇಲ್ಲ. ಅಲ್ಪ್ರಜೋಲಾಂ, ಡಯಾಜೆಪಾಂ, ನೈಟ್ರಾಜೆಪಾಂ, ಜೋಲ್ಪಿಡೆಮ್ ಇವೆಲ್ಲ ಎಚ್-1 ಪಟ್ಟಿಯಲ್ಲಿವೆ. ಡಾಕ್ಟರ ಚೀಟಿ ಇಲ್ಲದೆ ಕೊಡುವಂತಿಲ್ಲ, ಕೊಟ್ಟರೆ ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಮಾತ್ರೆ ಅನ್ನುವುದನ್ನು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ನಿಮ್ಮ ಬೀದಿಯ ಅಂಗಡಿಯಲ್ಲಿ ಆ ರಿಜಿಸ್ಟರನ್ನು ಎಂದಾದರೂ ನೋಡಿದ್ದೀರಾ?

ಇನ್ನು ಆ ರಾತ್ರಿಯ ವಿಷಯ. ಒಂದೆರಡು ಪೆಗ್ಗಿಗೆ, ಅಥವಾ ಏನೂ ಕುಡಿಯದೆಯೇ, ಸ್ನೇಹಿತೆ ತೂರಾಡುತ್ತಿದ್ದರೆ, ಮಾತು ತೊದಲುತ್ತಿದ್ದರೆ, ಈಗ ಹೇಳಿದ್ದು ಈಗಲೇ ಮರೆಯುತ್ತಿದ್ದರೆ, "ಮಲಗಿದರೆ ಸರಿಹೋಗುತ್ತೆ" ಅಂತ ರೂಮಿನಲ್ಲಿ ಒಬ್ಬಳನ್ನೇ ಮಲಗಿಸಿ ಬಾಗಿಲು ಹಾಕಬೇಡಿ. ವಾಂತಿ ಗಂಟಲಿಗೆ ಸಿಕ್ಕಿ ಉಸಿರು ನಿಲ್ಲಬಹುದು. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಜೊತೆಗಿರಿ, ಎಬ್ಬಿಸಿದರೂ ಏಳದಿದ್ದರೆ 112ಕ್ಕೆ ಫೋನ್ ಮಾಡಿ. ಮನೆಗೆ ಬಿಡುತ್ತೇನೆ ಅಂತ ಮುಂದೆ ಬರುವ ಪರೋಪಕಾರಿಯ ಜೊತೆ ಕಳಿಸಬೇಡಿ, ಅವನು ಟೀಮ್ ಲೀಡ್ ಆಗಿದ್ದರೂ. ಆಸ್ಪತ್ರೆಯಲ್ಲಿ ಮೂತ್ರದ ಮಾದರಿಯನ್ನು ಆದಷ್ಟು ಬೇಗ ತೆಗೆದಿಡಲು ಕೇಳಿ. ಜಿಎಚ್‌ಬಿಯಂಥ ಮದ್ದು ಸುಮಾರು ಹನ್ನೆರಡು ಗಂಟೆಯೊಳಗೆ ಮೂತ್ರದಿಂದಲೂ ಮಾಯವಾಗುತ್ತದೆ, ನಿದ್ದೆಮಾತ್ರೆಯ ಜಾತಿಯವು ಕೆಲವು ದಿನ ಸಿಗುತ್ತವೆ. ಬೆಳಿಗ್ಗೆ ಎದ್ದು ಯೋಚಿಸೋಣ ಅಂದುಕೊಂಡರೆ ಸಾಕ್ಷ್ಯ ಚರಂಡಿಗೆ ಹೋಗಿರುತ್ತದೆ. ಗ್ಲಾಸು, ಬಾಟಲಿ ಸಿಕ್ಕರೆ ಎತ್ತಿಡಿ. ಬಾರಿನ ಸಿಸಿ ಕ್ಯಾಮೆರಾ ದೃಶ್ಯಗಳು ಕೆಲ ದಿನಗಳಲ್ಲಿ ತಾವೇ ಅಳಿಸಿಹೋಗುತ್ತವೆ, ಉಳಿಸಿಡಿ ಅಂತ ಮಾರನೇ ದಿನವೇ ಬರವಣಿಗೆಯಲ್ಲಿ ಕೇಳಿ, ಪ್ರತಿ ಇಟ್ಟುಕೊಳ್ಳಿ.

"ಪೊಲೀಸ್ ಕೇಸು, ಮೊದಲು ಠಾಣೆಗೆ ಹೋಗಿ ಬನ್ನಿ" ಅಂತ ಯಾವ ಆಸ್ಪತ್ರೆಯೂ ತುರ್ತು ಚಿಕಿತ್ಸೆ ನಿರಾಕರಿಸುವಂತಿಲ್ಲ, 1989ರ ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ಅತ್ಯಾಚಾರವಾಗಿದ್ದರೆ ಸರ್ಕಾರಿಯಾಗಲಿ ಖಾಸಗಿಯಾಗಲಿ, ಕೂಡಲೇ, ಉಚಿತವಾಗಿ ಚಿಕಿತ್ಸೆ ಕೊಡಬೇಕು, ಕೊಡದಿದ್ದರೆ ಅದೇ ಒಂದು ಅಪರಾಧ.

ಈ ಭಾಗದ ತೊಡಕು ಬೆಂಗಳೂರಿನವರಿಗೆ ಅರ್ಥವಾಗುವುದು ಕಷ್ಟ. ಪಿಜಿ ಫರೀದಾಬಾದಿನಲ್ಲಿ, ಪಾರ್ಟಿ ದೆಹಲಿಯಲ್ಲಿ, ಆಫೀಸು ನೋಯ್ಡಾದಲ್ಲಿ. ಬದರ್‌ಪುರದ ಗಡಿ ದಾಟಿದರೆ ಪೊಲೀಸರು ಬೇರೆ, ಯಮುನೆ ದಾಟಿದರೆ ಮತ್ತೂ ಬೇರೆ. "ಇದು ನಮ್ಮ ವ್ಯಾಪ್ತಿಯಲ್ಲ" ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಊರು ಇಲ್ಲ. ಆದರೆ ಯಾವ ಠಾಣೆಯಲ್ಲಾದರೂ ದೂರು ತೆಗೆದುಕೊಳ್ಳಲೇಬೇಕು, ಜೀರೋ ಎಫ್‌ಐಆರ್ ಅನ್ನುವುದು ಈಗ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿ ಕಾನೂನೇ ಆಗಿದೆ. ಇನ್ನೊಂದು ಗಂಟು: ಕುಡಿಯುವ ವಯಸ್ಸು ಹರಿಯಾಣದಲ್ಲಿ 21, ದೆಹಲಿಯಲ್ಲಿ 25. ದೆಹಲಿಯ ಬಾರಿನಲ್ಲಿ ಮದ್ದು ಬಿದ್ದ ಇಪ್ಪತ್ಮೂರರ ಹುಡುಗಿ, ನನ್ನ ಮೇಲೇ ಕೇಸು ಹಾಕಿದರೆ ಅಂತ ಹೆದರಿ ಬಾಯಿ ಮುಚ್ಚಿಕೊಳ್ಳುತ್ತಾಳೆ. ಅವಳು ಕುಡಿದದ್ದಕ್ಕೂ ಇನ್ನೊಬ್ಬನು ವಿಷ ಹಾಕಿದ್ದಕ್ಕೂ ತಕ್ಕಡಿಯ ಎರಡು ತಟ್ಟೆಯಲ್ಲಿಟ್ಟು ತೂಗುವ ಸಂಬಂಧವೇ ಇಲ್ಲ ಅಂತ ಅವಳಿಗೆ ಹೇಳುವವರು ಬೇಕು.

ಹೇಳುವವರು ಯಾರು? ಇಲ್ಲಿಯೇ ನಾವು, ಅಂದರೆ ಈ ಊರಿಗೆ ಇಪ್ಪತ್ತು ವರ್ಷದ ಹಿಂದೆ ಬಂದು ಮನೆ ಮಾಡಿಕೊಂಡ ಕನ್ನಡದವರು, ಬಹಳ ಸಣ್ಣವರಾಗಿ ಕಾಣುತ್ತೇವೆ. ಊರಲ್ಲಾದರೆ ಚಿಕ್ಕಮ್ಮ, ಸೋದರಮಾವ ಅಂತ ಯಾರಾದರೂ ಆಸ್ಪತ್ರೆಗೆ ಓಡಿಬರುತ್ತಾರೆ. ಇಲ್ಲಿ ಆ ಹುಡುಗಿಗೆ ಯಾರೂ ಇಲ್ಲ. ತೊದಲುವ ನಾಲಿಗೆಯಲ್ಲಿ ಹಿಂದಿ ಬೇರೆ ಹೊರಡುವುದಿಲ್ಲ. ಅಂಥ ಹೊತ್ತಿನಲ್ಲೂ ಅವಳ ಬಾಯಿಂದ ಮೊದಲು ಬರುವ ಮಾತು, "ಅಪ್ಪಂಗೆ ಹೇಳ್ಬೇಡಿ, ವಾಪಸ್ ಕರ್ಕೊಂಡು ಹೋಗ್ತಾರೆ." ದೂರು ಕೊಟ್ಟರೆ ಅವಳು ಕಳೆದುಕೊಳ್ಳುವುದು ಕೆಲಸ, ಊರು, ಓದು, ಎಲ್ಲ. ಮದ್ದು ಹಾಕಿದವನಿಗೆ ಇದು ಗೊತ್ತು. ಮನೆಯವರ ಬಾಗಿಲು ದೂರ ಇದ್ದವಳನ್ನೇ ಅವನು ಆರಿಸುತ್ತಾನೆ. ಹಾಗಿರುವಾಗ ನಮ್ಮ ಸಂಕ್ರಾಂತಿ ಕೂಟದಲ್ಲಿ ಎಳ್ಳುಬೆಲ್ಲ ಹಂಚುತ್ತಾ "ಮುಳ್ಳು ಸೀರೆ ಮೇಲೆ ಬಿದ್ದರೂ, ಸೀರೆ ಮುಳ್ಳಿನ ಮೇಲೆ ಬಿದ್ದರೂ ಹರಿಯೋದು ಸೀರೆಯೇ ಕಣಮ್ಮಾ" ಅಂತ ಬುದ್ಧಿ ಹೇಳುವ ಆಂಟಿ, ಅಂಕಲ್‌ಗಳಿಗೆ ಆ ಹುಡುಗಿ ರಾತ್ರಿ ಎರಡು ಗಂಟೆಗೆ ಫೋನ್ ಮಾಡುತ್ತಾಳೆಯೇ? ಖಂಡಿತ ಇಲ್ಲ. ಗಾದೆ ಹೇಳಿದ ದಿನವೇ ಆ ನಂಬರು ಅವಳ ಪಟ್ಟಿಯಿಂದ ಹೋಯಿತು.

ನಮ್ಮ ಗುಂಪಿನಲ್ಲಿ ನಾನು ಒಂದು ಪ್ರಸ್ತಾಪ ಇಟ್ಟಿದ್ದೇನೆ. ಫರೀದಾಬಾದ್, ಬಲ್ಲಭ್‌ಗಢ, ಬದರ್‌ಪುರ ಕಡೆ ಕಾರಿರುವ, ಹಿಂದಿ ಚೆನ್ನಾಗಿ ಬರುವ, ರಾತ್ರಿ ಫೋನ್ ಎತ್ತುವ ಆರು ಜನ ಬೇಕು, ಅದರಲ್ಲಿ ಮೂವರಾದರೂ ಹೆಂಗಸರು. ಷರತ್ತು ಎರಡು: ಆಸ್ಪತ್ರೆ ತಲುಪುವವರೆಗೆ ಪ್ರಶ್ನೆ ಕೇಳುವಂತಿಲ್ಲ, ಅವಳು ಹೇಳದೆ ಮನೆಗೆ ಫೋನ್ ಮಾಡುವಂತಿಲ್ಲ. ಮೊದಲ ವಾರ ನಲವತ್ತು ಜನ ಹೆಬ್ಬೆಟ್ಟು ಒತ್ತಿದರು, ಹೆಸರು ಕೊಟ್ಟವರು ಇಬ್ಬರು. ಈಗ ನಾಲ್ಕು ಆಗಿದ್ದಾರೆ. ನಾಲ್ಕನೆಯವರು ಎನ್‌ಐಟಿ ಕಡೆ ಇರುವ, ನಿವೃತ್ತರಾದ ಒಬ್ಬ ನರ್ಸಮ್ಮ, ಹುಬ್ಬಳ್ಳಿಯವರು. ಷರತ್ತು ಓದಿ ಅವರು ಕೇಳಿದ್ದು ಒಂದೇ, "ಸ್ಯಾಂಪಲ್ ತಗೊಂಡ ಡಬ್ಬಿ ಮ್ಯಾಲೆ ಟೈಮ್ ಬರೀತಾರೋ ಇಲ್ಲೋ ಅಂತ ನೋಡಾಕ ಯಾರಿಗೆ ಹೇಳೀರಿ?" ಅದನ್ನೂ ಪಟ್ಟಿಗೆ ಸೇರಿಸಿದ್ದೇವೆ. ಇನ್ನೂ ಇಬ್ಬರು ಬೇಕು.